ಗಿಟಾರ್ ಸ್ಪೀಕರ್‌ಗೆ ಪೆಟ್ಟಿಗೆ ಯಾಕೆ ಬೇಕು? ಮೊದಲ ಸಲ ಕ್ಯಾಬಿನೆಟ್ ಮಾಡುವವರು ತಿಳಿದಿರಬೇಕಾದ ಸಂಗತಿಗಳು

“ಒಳ್ಳೆಯ ಸ್ಪೀಕರ್ ಇದ್ದರೆ ಸಾಕು, ಪೆಟ್ಟಿಗೆ ಬರೀ ಅಂದಕ್ಕೆ.” “ಹಲಸಿನ ಮರದಲ್ಲಿ ಮಾಡಿಸಿದರೆ ನಾದ ಹೆಚ್ಚು.” “ವಾಟ್ ಜಾಸ್ತಿಯಾದಷ್ಟೂ ಸದ್ದು ಜಾಸ್ತಿ.” ಎಲೆಕ್ಟ್ರಿಕ್ ಗಿಟಾರ್ ನುಡಿಸುವವರು ಮೊದಲ ಬಾರಿ ಸ್ಪೀಕರ್ ಕ್ಯಾಬಿನೆಟ್ ಮಾಡಲು ಹೊರಟರೆ ಇಂಥ ಸಲಹೆಗಳಿಗೆ ಬರವಿಲ್ಲ. ಇವುಗಳಲ್ಲಿ ಕೆಲವು ಅರ್ಧ ನಿಜ, ಕೆಲವು ಪೂರ್ತಿ ತಪ್ಪು. ಲೆಕ್ಕ ತಪ್ಪಿದರೆ ಹಾಳಾಗುವುದು ಪ್ಲೈವುಡ್ ಮಾತ್ರವಲ್ಲ, ಆಂಪ್ಲಿಫೈಯರ್ ಸುಟ್ಟುಹೋಗಬಹುದು, ಕಿವಿಗೂ ಪೆಟ್ಟಾಗಬಹುದು. ಹಾಗಾಗಿ ಒಂದೊಂದನ್ನೇ ನೋಡೋಣ.

ಪೆಟ್ಟಿಗೆ ಬರೀ ಅಂದಕ್ಕೆಯೇ?

ಅಲ್ಲ. ಸ್ಪೀಕರ್‌ನ ಕೋನ್ ಮುಂದಕ್ಕೆ ಚಲಿಸಿದಾಗ ಮುಂದಿನ ಗಾಳಿ ಒತ್ತಿಕೊಳ್ಳುತ್ತದೆ, ಅದೇ ಕ್ಷಣ ಹಿಂದಿನ ಗಾಳಿ ತೆಳುವಾಗುತ್ತದೆ. ಅಂದರೆ ಹಿಂದಿನಿಂದ ಹೊರಡುವ ಶಬ್ದದ ಅಲೆ ಮುಂದಿನ ಅಲೆಗೆ ಸರಿಯಾಗಿ ಉಲ್ಟಾ. ಇವೆರಡೂ ಸೇರಿದರೆ ಒಂದನ್ನೊಂದು ಅಳಿಸಿಹಾಕುತ್ತವೆ.

ಗಿಟಾರ್‌ನ ಅತಿ ಮಂದ್ರ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಆ ಸ್ವರದ ಅಲೆಯ ಉದ್ದ 4 ಮೀಟರ್‌ಗೂ ಹೆಚ್ಚು. ಅಷ್ಟು ಉದ್ದದ ಅಲೆಗೆ 12 ಇಂಚಿನ ಸ್ಪೀಕರ್ ಒಂದು ತಡೆಯೇ ಅಲ್ಲ, ಅದು ಅಂಚನ್ನು ಸುತ್ತಿಕೊಂಡು ಮುಂದಕ್ಕೆ ಬಂದುಬಿಡುತ್ತದೆ. ಮೇಜಿನ ಮೇಲಿಟ್ಟ ಬರೀ ಸ್ಪೀಕರ್ ಕೀರಲಾಗಿ ಕೇಳುವುದು ಇದೇ ಕಾರಣಕ್ಕೆ. ಹಳೆಯ ರೇಡಿಯೊ ಸ್ಪೀಕರ್ ಒಂದಿದ್ದರೆ ದೊಡ್ಡ ರಟ್ಟಿನಲ್ಲಿ ಅದರ ಅಳತೆಯ ತೂತು ಮಾಡಿ ಹಿಡಿದು ಕೇಳಿ. ಕಳೆದುಹೋಗಿದ್ದ ಬೇಸ್ ಕೂಡಲೇ ಮರಳುತ್ತದೆ. ಪೆಟ್ಟಿಗೆ ಮಾಡುವುದೂ ಇದೇ ಕೆಲಸವನ್ನು.

ಹಿಂಭಾಗ ಮುಚ್ಚಲೇಬೇಕೇ?

ಎರಡೂ ರೂಢಿಯಲ್ಲಿವೆ. ಫೆಂಡರ್ ಕಂಪನಿಯ ಹಲವು ಪ್ರಸಿದ್ಧ ಆಂಪ್‌ಗಳಿಗೆ ಹಿಂಭಾಗ ಅರ್ಧ ತೆರೆದಿರುತ್ತದೆ. ಶಬ್ದ ಕೋಣೆಯೆಲ್ಲ ಹರಡುತ್ತದೆ, ಬೇಸ್ ತುಸು ಕಡಿಮೆ. ಮಾರ್ಷಲ್‌ನ ನಾಲ್ಕು ಸ್ಪೀಕರ್‌ಗಳ ಕ್ಯಾಬಿನೆಟ್ ಪೂರ್ತಿ ಮುಚ್ಚಿದ್ದು. ಬೇಸ್ ಬಿಗಿಯಾಗಿ, ನೇರವಾಗಿ ಮುಂದಕ್ಕೆ ಬರುತ್ತದೆ. ಹಿಂದಿನ ಹಲಗೆಯನ್ನು ಮೂರು ಪಟ್ಟಿಗಳಾಗಿ ಕತ್ತರಿಸಿ ನಡುವಿನದನ್ನು ಸ್ಕ್ರೂ ಬಿಚ್ಚಿ ತೆಗೆಯುವಂತೆ ಮಾಡಿದರೆ ಎರಡನ್ನೂ ಕೇಳಿ ನೋಡಬಹುದು.

ಮೊದಲ ಸಲಕ್ಕೆ ದೊಡ್ಡದು ಬೇಡ. ಲಂಡನ್ನಿನ ಜಿಮ್ ಮಾರ್ಷಲ್ 1965ರಲ್ಲಿ ‘ದ ಹೂ’ ತಂಡದ ಪೀಟ್ ಟೌನ್‌ಶೆಂಡ್‌ಗಾಗಿ ಎಂಟು ಸ್ಪೀಕರ್‌ಗಳ ಕ್ಯಾಬಿನೆಟ್ ಮಾಡಿಕೊಟ್ಟರು. ಅದನ್ನು ಹೊತ್ತು ಸಾಗಿಸುವುದೇ ಕಷ್ಟವಾಯಿತು. ಕೊನೆಗೆ ನಾಲ್ಕು ನಾಲ್ಕರಂತೆ ಎರಡು ಪೆಟ್ಟಿಗೆ ಮಾಡಿ ಒಂದರ ಮೇಲೊಂದು ಇಡಬೇಕಾಯಿತು.

ಯಾವ ಮರ, ಯಾವ ಅಳತೆ?

ವೀಣೆಯ ಕೊಡಕ್ಕೆ ಹಲಸು ಬಳಸುವುದು ನಿಜ. ಆದರೆ ವೀಣೆಯಲ್ಲಿ ತಂತಿಯ ಕಂಪನಕ್ಕೆ ಮರವೇ ಕಂಪಿಸಿ ನಾದ ಕೊಡಬೇಕು. ಸ್ಪೀಕರ್ ಪೆಟ್ಟಿಗೆಯಲ್ಲಿ ಗಾಳಿಯನ್ನು ಕಂಪಿಸುವುದು ಕೋನ್. ಮುಚ್ಚಿದ ಪೆಟ್ಟಿಗೆಯ ಹಲಗೆ ಅದರ ಜೊತೆ ಗಡಗಡಿಸಿದರೆ ತೊಂದರೆಯೇ ಹೆಚ್ಚು. 18 ಮಿ.ಮೀ. ದಪ್ಪದ, ಒಳಗೆ ಟೊಳ್ಳಿಲ್ಲದ ಒಳ್ಳೆಯ ಪ್ಲೈವುಡ್ ಸಾಕು. ಪಾರ್ಟಿಕಲ್ ಬೋರ್ಡ್ ಬೇಡ, ತೇವ ತಾಗಿದರೆ ಉಬ್ಬುತ್ತದೆ, ಸ್ಕ್ರೂ ಹಿಡಿತ ಬಿಡುತ್ತದೆ.

12 ಇಂಚಿನ ಒಂದು ಸ್ಪೀಕರ್‌ಗೆ ಹೊರ ಅಳತೆ 500 ಮಿ.ಮೀ. ಅಗಲ, 450 ಎತ್ತರ, 280 ಆಳ ಇಟ್ಟುಕೊಳ್ಳಿ. ಒಳಗೆ ಸುಮಾರು 47 ಲೀಟರ್ ಜಾಗ ಸಿಗುತ್ತದೆ, 8x4 ಅಡಿಯ ಅರ್ಧ ಹಾಳೆ ಸಾಕು. ಎರಡು ಸೆಂಟಿಮೀಟರ್ ಆಚೀಚೆಯಾದರೆ ಚಿಂತೆಯಿಲ್ಲ. ಸ್ಪೀಕರ್‌ನ ತೂತು ಮಾತ್ರ ಕಂಪನಿಯ ಮಾಹಿತಿ ಹಾಳೆಯಲ್ಲಿರುವಷ್ಟೇ ಇರಲಿ. 12 ಇಂಚು ಎಂದು 12 ಇಂಚೇ ಕೊರೆದರೆ ಸ್ಪೀಕರ್ ಕೂರಲು ಅಂಚೇ ಉಳಿಯುವುದಿಲ್ಲ, ಬೇಕಾದದ್ದು ಸುಮಾರು 280 ಮಿ.ಮೀ. ಮೂಲೆಗಳಿಗೆ ಅಂಟು ಮತ್ತು ಸ್ಕ್ರೂ ಎರಡೂ ಹಾಕಿ. ಸ್ಪೀಕರ್ ಬಿಗಿಯುವಾಗ ಕೋನ್ ಮೇಲೆ ರಟ್ಟು ಮುಚ್ಚಿ, ಸ್ಕ್ರೂಡ್ರೈವರ್ ಒಮ್ಮೆ ಜಾರಿದರೂ ಕಾಗದ ಹರಿಯುತ್ತದೆ.

ಓಮ್ ಲೆಕ್ಕ ತಪ್ಪಿದರೆ ಏನಾಗುತ್ತದೆ?

ಹೆಚ್ಚು ನಷ್ಟವಾಗುವುದು ಇಲ್ಲೇ. 8 ಓಮ್‌ನ ಎರಡು ಸ್ಪೀಕರ್‌ಗಳನ್ನು ಸಮಾಂತರವಾಗಿ, ಅಂದರೆ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಜೋಡಿಸಿದರೆ ಒಟ್ಟು 4 ಓಮ್. ಒಂದರ ಬಾಲಕ್ಕೆ ಇನ್ನೊಂದನ್ನು, ಸರಣಿಯಲ್ಲಿ ಜೋಡಿಸಿದರೆ 16 ಓಮ್. ಟ್ರಾನ್ಸಿಸ್ಟರ್ ಆಂಪ್‌ನ ಹಿಂದೆ “ಕನಿಷ್ಠ 8 ಓಮ್” ಎಂದಿದ್ದಾಗ 4 ಓಮ್ ಕೊಟ್ಟರೆ ಅದು ಮಿತಿಮೀರಿದ ಕರೆಂಟ್ ಎಳೆದು ಬಿಸಿಯಾಗಿ ಕೆಡಬಹುದು. ವಾಲ್ವ್ ಆಂಪ್ ಆದರೆ ಅದು ಹೇಳಿದ ಓಮ್‌ಗೇ ಹೊಂದಿಸಿ. ಸ್ಪೀಕರ್ ಜೋಡಿಸದೆ ವಾಲ್ವ್ ಆಂಪ್ ನುಡಿಸಲೇಬೇಡಿ, ಅದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು. ಅದರ ಒಳಗೂ ಕೈ ಹಾಕಬೇಡಿ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ನೂರಾರು ವೋಲ್ಟ್ ಉಳಿದಿರಬಹುದು.

ಮಲ್ಟಿಮೀಟರ್‌ನಲ್ಲಿ 8 ಓಮ್ ಸ್ಪೀಕರ್ 6ರಿಂದ 7 ತೋರಿಸಿದರೆ ಗಾಬರಿ ಬೇಡ, ಅದು ಸಹಜ. ಆಂಪ್‌ನಿಂದ ಕ್ಯಾಬಿನೆಟ್‌ಗೆ ಗಿಟಾರ್ ಕೇಬಲ್ ಬಳಸಬೇಡಿ. ಅದರೊಳಗಿನ ತಂತಿ ತೀರಾ ತೆಳು. ಸ್ಪೀಕರ್ ಕೇಬಲ್ಲೇ ಬೇಕು.

ನಾವು ಮಾಡಿದ ತಪ್ಪು

ನಾವು ಎರಡು ಸ್ಪೀಕರ್‌ಗಳ ಕ್ಯಾಬಿನೆಟ್ ಮಾಡಿ ಮೊದಲ ಸಲ ನುಡಿಸಿದಾಗ ಬೇಸ್ ಇರಲೇ ಇಲ್ಲ. ಮರ ಸರಿಯಿಲ್ಲವೆಂದು ಎರಡು ದಿನ ತಲೆಕೆಡಿಸಿಕೊಂಡೆವು. ಆಮೇಲೆ ನೋಡಿದರೆ ಒಂದು ಸ್ಪೀಕರ್‌ನ ಪ್ಲಸ್ ಮೈನಸ್ ಅದಲುಬದಲಾಗಿತ್ತು. ಒಂದು ಕೋನ್ ಮುಂದೆ ಹೋದಾಗ ಇನ್ನೊಂದು ಹಿಂದೆ ಹೋಗುತ್ತಿತ್ತು. ಯಾವ ಅಳಿಸುವಿಕೆಯನ್ನು ತಡೆಯಲು ಪೆಟ್ಟಿಗೆ ಮಾಡಿದ್ದೆವೋ ಅದನ್ನೇ ಒಳಗೆ ಕೂರಿಸಿಕೊಂಡಿದ್ದೆವು! ತಂತಿ ಬದಲಿಸಲು ಐದು ನಿಮಿಷ ಸಾಕಾಯಿತು.

ನೀವು ಮೊದಲೇ ಪರೀಕ್ಷಿಸಿಕೊಳ್ಳಿ. ಆಂಪ್‌ಗೆ ಜೋಡಿಸುವ ಮುನ್ನ 1.5 ವೋಲ್ಟ್ ಸೆಲ್‌ನ ಪ್ಲಸ್ಸನ್ನು ಸ್ಪೀಕರ್‌ನ ಪ್ಲಸ್‌ಗೆ, ಮೈನಸ್ಸನ್ನು ಮೈನಸ್‌ಗೆ ಒಂದು ಕ್ಷಣ ತಾಗಿಸಿ. ಎರಡೂ ಕೋನ್‌ಗಳು ಒಂದೇ ದಿಕ್ಕಿಗೆ ಚಲಿಸಬೇಕು.

ವಾಟ್ ದುಪ್ಪಟ್ಟಾದರೆ ಸದ್ದೂ ದುಪ್ಪಟ್ಟೇ?

ಇಲ್ಲ. ವಾಟ್ ದುಪ್ಪಟ್ಟಾದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ದುಪ್ಪಟ್ಟು ಎನಿಸಲು ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಸ್ಪೀಕರ್ ಮೇಲೆ ಬರೆದ ವಾಟ್ ಅದು ತಡೆಯಬಲ್ಲ ಶಕ್ತಿಯ ಮಿತಿಯೇ ಹೊರತು ಸದ್ದಿನ ಅಳತೆಯಲ್ಲ. ಆಂಪ್‌ನ ವಾಟ್‌ಗಿಂತ ಅದು ಹೆಚ್ಚಿದ್ದರೆ ಕ್ಷೇಮ.

12 ಇಂಚಿನ ಹಲವು ಗಿಟಾರ್ ಸ್ಪೀಕರ್‌ಗಳು ಕೇವಲ 1 ವಾಟ್‌ಗೆ ಒಂದು ಮೀಟರ್ ದೂರದಲ್ಲಿ 97ರಿಂದ 100 ಡೆಸಿಬೆಲ್ ಸದ್ದು ಮಾಡುತ್ತವೆ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್‌ನ ಪ್ರಕಾರ 100 ಡೆಸಿಬೆಲ್‌ನಲ್ಲಿ ದಿನಕ್ಕೆ 15 ನಿಮಿಷ ಕಳೆದರೆ ಕಿವಿಯ ಸುರಕ್ಷಿತ ಮಿತಿ ಮುಗಿಯಿತು. ಹೊಸ ಕ್ಯಾಬಿನೆಟ್‌ನ ಉತ್ಸಾಹದಲ್ಲಿ ಅದರ ಮುಂದೆಯೇ ಕೂತು ಗಂಟೆಗಟ್ಟಲೆ ನುಡಿಸಬೇಡಿ. ಇಯರ್‌ಪ್ಲಗ್ ಹಾಕಿಕೊಳ್ಳಿ.

ಒಟ್ಟಿನಲ್ಲಿ, ಪೆಟ್ಟಿಗೆಯ ಕೆಲಸ ಮುಂದಿನ ಅಲೆ ಮತ್ತು ಹಿಂದಿನ ಅಲೆ ಜಗಳವಾಡದಂತೆ ನೋಡಿಕೊಳ್ಳುವುದು. ಮರದ ಜಾತಿಗಿಂತ ಸಂದಿಯಿಲ್ಲದ ಜೋಡಣೆ, ಸರಿಯಾದ ಓಮ್, ಸರಿಯಾದ ಪ್ಲಸ್ ಮೈನಸ್ ಮುಖ್ಯ. ಕ್ಯಾಬಿನೆಟ್ ಕೆಟ್ಟರೆ ಇನ್ನೊಂದು ಮಾಡಬಹುದು, ಕಿವಿ ಕೆಟ್ಟರೆ ಇನ್ನೊಂದಿಲ್ಲ. ಗಿಟಾರ್ ನುಡಿಸುವ ಗೆಳೆಯರಿದ್ದರೆ, ಅವರು ಪ್ಲೈವುಡ್ ಕೊಳ್ಳುವ ಮುನ್ನವೇ ಇದನ್ನು ಕಳಿಸಿ.