ಬೀಳಗಿ ಒಂದು ಬಾಕಿ: ನಮ್ಮ ಕಡೆಯ ಮೂರು ಸಮ್ಮೇಳನಗಳು

ಸಾಹಿತ್ಯ ಸಮ್ಮೇಳನ ಹತ್ತಿರ ಬಂತು ಅಂದ್ರೆ ನಮ್ಮ ಗೆಳೆಯರ ಬಳಗದಲ್ಲಿ ಒಂದೇ ಚರ್ಚೆ. "ಅಲ್ಲಿಗೆ ಹೋಗಿ ಮಾಡೋದೇನು ಮಾರಾಯ? ಧೂಳು, ನೂಕುನುಗ್ಗಲು, ಊಟಕ್ಕೆ ಪಾಳಿ. ಭಾಷಣ ಬೇಕಾದ್ರೆ ಯೂಟ್ಯೂಬಿನಲ್ಲಿ ಲೈವ್ ಬರುತ್ತೆ. ಪುಸ್ತಕ ಬೇಕಾದ್ರೆ ಆನ್‌ಲೈನಿನಲ್ಲಿ ತರಿಸ್ಕೋ." 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೇ ಸಮ್ಮೇಳನ ನಡೆದಾಗಲೂ ಇದೇ ಮಾತು. ಆಗ ಗೋಷ್ಠಿಗಳಿಗಿಂತ ಹೆಚ್ಚು ಸುದ್ದಿಯಾಗಿದ್ದು ಬಾಡೂಟ ಬೇಕೋ ಬೇಡವೋ ಅನ್ನೋ ಜಗಳ!

ಈ ವಾದವನ್ನು ಪೂರ್ತಿ ತಳ್ಳಿಹಾಕೋಕೆ ಆಗಲ್ಲ. ಬರೀ ಭಾಷಣ ಕೇಳೋದಕ್ಕಾದರೆ ಇನ್ನೂರು ಮುನ್ನೂರು ಕಿಲೋಮೀಟರು ಹೋಗೋ ಅಗತ್ಯ ನಿಜಕ್ಕೂ ಇಲ್ಲ. ಹಾಗಾದ್ರೆ ಜನ ಯಾಕೆ ಹೋಗ್ತಿದ್ರು? ಉತ್ತರ ಹುಡುಕುತ್ತಾ ಹೋದರೆ ಅದು ನಮ್ಮ ಕಡೆಯೇ ಸಿಕ್ಕಿತು. ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ, ಬೀಳಗಿ... ಬೈಕಿದ್ದರೆ ಒಂದೇ ದಿನದಲ್ಲಿ ಸುತ್ತಿ ಬರಬಹುದಾದ ಊರುಗಳು. ಇಷ್ಟು ಚಿಕ್ಕ ಜಾಗದಲ್ಲಿ ಮೂರು ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಗಳು ನಡೆದಿವೆ ಅಂದ್ರೆ ನಂಬ್ತೀರಾ? 1937ರಲ್ಲಿ ಜಮಖಂಡಿ, 1944ರಲ್ಲಿ ರಬಕವಿ, 1995ರಲ್ಲಿ ಮುಧೋಳ. ಮೂರನ್ನೂ ನಾನು ನೋಡಿದವನಲ್ಲ. ಕೊನೆಯದು ಕೂಡ ನಾನು ಹುಟ್ಟೋ ಮೊದಲೇ ಮುಗಿದಿತ್ತು.

ಮೊದಲು ಆಗಿನ ಭೂಪಟ ನೋಡೋಣ. 1937ರಲ್ಲಿ ಈ ಊರುಗಳು ಒಂದೇ ಆಡಳಿತದಲ್ಲಿರಲಿಲ್ಲ. ಜಮಖಂಡಿ ಪಟವರ್ಧನರ ಸಂಸ್ಥಾನ. ಮುಧೋಳ ಘೋರ್ಪಡೆಯವರ ಸಂಸ್ಥಾನ. ರಬಕವಿ ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ್ದು. ಬೀಳಗಿ ಮಾತ್ರ ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿ. ಸಂತೆಗೆ ಹೋಗುವವನು ಬೆಳಗಿನಿಂದ ಸಂಜೆಯೊಳಗೆ ಎರಡು ಮೂರು ಸರಕಾರ ದಾಟಬಹುದಿತ್ತು! ಸಂಸ್ಥಾನದ ದೊರೆಗಳ ಮನೆಮಾತು ಮರಾಠಿ, ಹೊಲ ಊಳುವವರ, ಮಗ್ಗ ನೇಯುವವರ ಮಾತು ಕನ್ನಡ.

ಇಡೀ ಕನ್ನಡನಾಡಿನ ಸ್ಥಿತಿಯೂ ಹೀಗೇ ಇತ್ತು. 1915ರಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು ಹುಟ್ಟಿದಾಗ ಕನ್ನಡಿಗರು ಮೈಸೂರು, ಮುಂಬಯಿ, ಮದ್ರಾಸು, ಹೈದರಾಬಾದು, ಕೊಡಗು, ಜೊತೆಗೆ ಹತ್ತಾರು ಸಣ್ಣ ಸಂಸ್ಥಾನಗಳಲ್ಲಿ ಹಂಚಿಹೋಗಿದ್ದರು. ಸಮ್ಮೇಳನ ನಡೆದ ಊರುಗಳ ಪಟ್ಟಿ ನೋಡಿ. 1926 ಬಳ್ಳಾರಿ, 1927 ಮಂಗಳೂರು (ಎರಡೂ ಮದ್ರಾಸು ಪ್ರಾಂತ). 1928 ಕಲಬುರಗಿ (ನಿಜಾಮರದ್ದು). 1929 ಬೆಳಗಾವಿ (ಮುಂಬಯಿ ಪ್ರಾಂತ). 1930 ಮೈಸೂರು. 1931 ಕಾರವಾರ. 1932 ಮಡಿಕೇರಿ. 1934 ರಾಯಚೂರು. 1935 ಮುಂಬಯಿ. ಈ ಊರುಗಳನ್ನು ಗೆರೆ ಎಳೆದು ಸೇರಿಸಿದರೆ 1956ರ ನವೆಂಬರ್ 1ರಂದು ಆಗಬೇಕಿದ್ದ ಭೂಪಟ ಹೆಚ್ಚುಕಡಿಮೆ ಕಾಣಿಸುತ್ತೆ. ಸರಕಾರಿ ಆದೇಶಕ್ಕಿಂತ ಎಷ್ಟೋ ಮೊದಲೇ ಹಾಸಿಗೆ ಗಂಟು ಹೊತ್ತು ರೈಲು ಹತ್ತಿದ ಜನ ಆ ಗೆರೆ ಎಳೆದಿದ್ದರು.

ಹಾಗೆ ನಡೆದುಬಂದ ಮೆರವಣಿಗೆ 1937ರಲ್ಲಿ ಜಮಖಂಡಿಗೆ ಬಂತು. 22ನೇ ಸಮ್ಮೇಳನ. ಊರಿಗೆ ರೈಲಿಲ್ಲ. ಒಂದು ಕಡೆ ಕುಡಚಿಯಲ್ಲೋ ಇನ್ನೊಂದು ಕಡೆ ಬಾಗಲಕೋಟೆಯಲ್ಲೋ ಇಳಿದು ಮುಂದಿನ ದಾರಿ ನೋಡಿಕೊಳ್ಳಬೇಕು. ಮರಾಠಿ ದೊರೆಯ ರಾಜಧಾನಿಯಲ್ಲಿ ನಾಡಿನ ಮೂಲೆಮೂಲೆಯ ಕನ್ನಡಿಗರು ಕೂತು ಕನ್ನಡದಲ್ಲಿ ಮಾತಾಡೋದು, ಅಷ್ಟೇ ಒಂದು ದೊಡ್ಡ ಭಾಷಣ ಅಲ್ವಾ? ಆ ಭಾಷಣ ಮನೆಯಲ್ಲಿ ಕೂತು ಮಾಡೋಕಾಗಲ್ಲ. ಹೋಗಲೇಬೇಕು.

ಅಧ್ಯಕ್ಷರು ಯಾರು ಗೊತ್ತಾ? ಬೆಳ್ಳಾವೆ ವೆಂಕಟನಾರಣಪ್ಪ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವರು. 1918ರಲ್ಲಿ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆ ಸೇರಿ "ವಿಜ್ಞಾನ" ಅನ್ನೋ ಮಾಸಪತ್ರಿಕೆ ತಂದರು. ಕನ್ನಡದ ಮೊದಲ ವಿಜ್ಞಾನ ಪತ್ರಿಕೆ ಅದು, ಎರಡೇ ವರ್ಷ ನಡೆಯಿತು. ಇವತ್ತು ನಾವು ಬ್ಲಾಗುಗಳಲ್ಲಿ ತಂತ್ರಜ್ಞಾನದ ಬಗ್ಗೆ ಬರೆಯುವಾಗ ಒಂದೊಂದು ಪದಕ್ಕೂ ಒದ್ದಾಡ್ತೀವಲ್ಲ, ಆ ಒದ್ದಾಟಕ್ಕೆ ನೂರು ವರ್ಷ ದಾಟಿದೆ! ಕಥೆ ಕವಿತೆಯವರನ್ನು ಬಿಟ್ಟು ಒಬ್ಬ ವಿಜ್ಞಾನದ ಮೇಷ್ಟ್ರನ್ನು ಆ ಕುರ್ಚಿಯಲ್ಲಿ ಕೂರಿಸಿದ್ದು ನನ್ನಂಥ ಇಂಜಿನಿಯರಿಂಗ್ ಓದಿದವನಿಗೆ ಬಹಳ ಖುಷಿ ಕೊಡೋ ಸಂಗತಿ.

ಏಳು ವರ್ಷ ಕಳೆದು, ಎರಡನೇ ಮಹಾಯುದ್ಧದ ನಡುವೆಯೇ, 1944ರಲ್ಲಿ 28ನೇ ಸಮ್ಮೇಳನ ರಬಕವಿಗೆ ಬಂತು. ರಬಕವಿ ರಾಜಧಾನಿಯಲ್ಲ, ಜಿಲ್ಲಾಕೇಂದ್ರವಲ್ಲ. ಮಗ್ಗದ ಸದ್ದಿನ ಊರು. ಪಕ್ಕದ ಬನಹಟ್ಟಿಯೂ ಅಷ್ಟೇ, ಇವತ್ತಿಗೂ ಸೀರೆ ಅಂದ್ರೆ ಎರಡೂ ಊರಿನ ಹೆಸರು ಒಟ್ಟಿಗೇ ಬರುತ್ತೆ. ಅಧ್ಯಕ್ಷರು ಶಿ. ಶಿ. ಬಸವನಾಳ. 1916ರಲ್ಲಿ ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆ ಕಟ್ಟಿದ ಸಪ್ತರ್ಷಿಗಳಲ್ಲಿ ಒಬ್ಬರು, ಬಸವಣ್ಣನವರ ವಚನಗಳನ್ನು ಸಂಪಾದಿಸಿದವರು. ಜೇಡರ ದಾಸಿಮಯ್ಯನನ್ನು ತಮ್ಮವನೆಂದು ಪೂಜಿಸುವ ನೇಕಾರರ ಊರಿಗೆ ವಚನಗಳ ವಿದ್ವಾಂಸರು ಅಧ್ಯಕ್ಷರಾಗಿ ಬಂದದ್ದು ಎಷ್ಟು ಚೆನ್ನಾಗಿ ಹೊಂದುತ್ತೆ ನೋಡಿ. ದಾಸಿಮಯ್ಯ ಸ್ವತಃ ನೇಯುತ್ತಿದ್ದವನು.

ಸಂಸ್ಥಾನಗಳು 1948ರ ಮಾರ್ಚಿನಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದವು. 1956ರಲ್ಲಿ ಕನ್ನಡನಾಡು ಒಂದಾಯಿತು. ಗಡಿ ದಾಟೋ ಕೆಲಸ ಮುಗಿದ ಮೇಲೆ ಸಮ್ಮೇಳನಕ್ಕೆ ಹೋಗೋದಕ್ಕೆ ಕಾರಣ ಏನು ಉಳಿಯಿತು? ಇದಕ್ಕೆ ಉತ್ತರ 1995ರ ಮುಧೋಳ.

64ನೇ ಸಮ್ಮೇಳನದ ಅಧ್ಯಕ್ಷರು ಎಚ್. ಎಲ್. ನಾಗೇಗೌಡರು. ಮಂಡ್ಯ ಜಿಲ್ಲೆ ನಾಗಮಂಗಲದ ಕಡೆಯವರು, ಐಎಎಸ್ ಅಧಿಕಾರಿಯಾಗಿದ್ದವರು, 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿ ರಾಮನಗರದ ಹತ್ತಿರ ಜಾನಪದ ಲೋಕ ಮಾಡಿದವರು. ವಿದೇಶಿ ಯಾತ್ರಿಕರ ಬರಹಗಳನ್ನು "ಪ್ರವಾಸಿ ಕಂಡ ಇಂಡಿಯಾ" ಅಂತ ಸಂಪುಟಗಳಲ್ಲಿ ಕನ್ನಡಕ್ಕೆ ತಂದವರೂ ಅವರೇ.

ಅವರು ಬಂದ ತಾಲೂಕಾದರೂ ಎಂಥದ್ದು? ಹಲಗಲಿ ಇರೋದು ಇಲ್ಲೇ. 1857ರ ನವೆಂಬರಿನಲ್ಲಿ ಆಯುಧ ಒಪ್ಪಿಸಲ್ಲ ಅಂತ ಬ್ರಿಟಿಷರ ಎದುರು ನಿಂತು ಸತ್ತ ಬೇಡರ ಊರು. ಅವರ ಕಥೆ ಉಳಿದದ್ದು ಲಾವಣಿಯಲ್ಲಿ. ಆ ಲಾವಣಿಯನ್ನು ಬರೆದಿಟ್ಟು 1880ರ ದಶಕದಲ್ಲಿ ಅಚ್ಚು ಮಾಡಿಸಿದ್ದು ಬ್ರಿಟಿಷ್ ಅಧಿಕಾರಿಯೇ ಆದ ಜೆ. ಎಫ್. ಫ್ಲೀಟ್! ಜನಪದ ಹಾಡುಗಳನ್ನು ಕೂಡಿಟ್ಟ ಮನುಷ್ಯ ಸರ್ವಾಧ್ಯಕ್ಷನಾಗೋಕೆ ಇದಕ್ಕಿಂತ ಸರಿಯಾದ ನೆಲ ಎಲ್ಲಿದೆ?

ಮುಧೋಳ ರನ್ನನ ಊರು ಕೂಡ. ಬಳೆಗಾರರ ಮನೆಯ ಹುಡುಗ ಓದಬೇಕು ಅಂತ ಹತ್ತನೇ ಶತಮಾನದಲ್ಲಿ ದಕ್ಷಿಣಕ್ಕೆ ಹೋದ. ಅಜಿತಸೇನಾಚಾರ್ಯರಲ್ಲಿ ಕಲಿತ, ಚಾವುಂಡರಾಯನ ಆಶ್ರಯ ಪಡೆದ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ "ಕವಿರತ್ನ" ಅಂತ ಕೆತ್ತಿದ ಅಕ್ಷರಗಳಿವೆ, ರನ್ನನದೇ ಅಂತಾರೆ ವಿದ್ವಾಂಸರು. ಮುಧೋಳದಿಂದ ಅಲ್ಲಿಗೆ ನಾನೂರು ಕಿಲೋಮೀಟರಿಗೂ ಹೆಚ್ಚು. ಅವನು ಹೋದ ದಾರಿಯಲ್ಲೇ ಸಾವಿರ ವರ್ಷದ ಮೇಲೆ ದಕ್ಷಿಣದ ಜನ ತಿರುಗಿ ಅವನ ಊರಿಗೆ ಬಂದ ಹಾಗಾಯಿತು.

ಇಷ್ಟೆಲ್ಲ ಓದಿದ ಮೇಲೆ ನನಗನ್ನಿಸಿದ್ದು ಇದು. ಸಮ್ಮೇಳನದ ಬೆಲೆ ವೇದಿಕೆ ಮೇಲಿನ ಮಾತಿನಿಂದ ಬರೋದಲ್ಲ. ಅದು ಯಾವ ಊರಿನಲ್ಲಿ ನಡೆಯುತ್ತೆ, ಬಂದವರು ಆ ಊರನ್ನು ಎಷ್ಟು ನೋಡಿದರು, ಊರಿನವರು ಬಂದವರನ್ನು ಎಷ್ಟು ಮಾತಾಡಿಸಿದರು ಅನ್ನೋದರಿಂದ ಬರುತ್ತೆ. ಲೈವ್‌ನಲ್ಲಿ ವೇದಿಕೆ ಕಾಣುತ್ತೆ, ಹಲಗಲಿ ಕಾಣಲ್ಲ. ಆನ್‌ಲೈನಿನಲ್ಲಿ ಹೆಸರು ಗೊತ್ತಿರೋ ಪುಸ್ತಕ ಸಿಗುತ್ತೆ, ಬೆಂಗಳೂರಿನ ಅಂಗಡಿಗೆ ಬಾರದ ತಾಲೂಕಿನ ಲೇಖಕನ ಪುಸ್ತಕ ಮಳಿಗೆಯಲ್ಲಿ ಕಾಲು ನೋಯಿಸಿಕೊಂಡರೇ ಸಿಗೋದು. ಬೆಂಗಳೂರು, ಮೈಸೂರಿನಲ್ಲಿ ನಡೆದರೆ ನಾನೂ ಮನೆಯಲ್ಲೇ ಕೂತು ನೋಡ್ತೀನೇನೋ. ಆದರೆ ನಾನು ಹೆಸರು ಮಾತ್ರ ಕೇಳಿದ ಊರಿನಲ್ಲಿ ನಡೆದರೆ ಎರಡು ದಿನ ರಜೆ ಹಾಕೋದು ನಷ್ಟವಲ್ಲ. ಒಂದು ದಿನ ಪೆಂಡಾಲಿಗೆ, ಒಂದು ದಿನ ಊರಿಗೆ.

ಅಂದಹಾಗೆ, ನಾಲ್ಕರಲ್ಲಿ ಮೂರು ಕಡೆ ಆಗಿದೆ. ಬೀಳಗಿ ಒಂದು ಬಾಕಿ. ಲಕ್ಷ ಜನರ ಸಮ್ಮೇಳನ ಅಲ್ಲಿಗೆ ಯಾವಾಗ ಬರುತ್ತೋ ಬರಲಿ. ನಾವು ಹತ್ತು ಹದಿನೈದು ಬ್ಲಾಗಿನವರು ಸೇರೋಕೆ ಪೆಂಡಾಲು ಬೇಕಿಲ್ಲ, ನಿರ್ಣಯ ಮಂಡಿಸೋದೂ ಬೇಕಿಲ್ಲ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ ಸಾಕು. ಮಧ್ಯಾಹ್ನ ಹಲಗಲಿಗೆ, ಸಂಜೆ ಮುಧೋಳಕ್ಕೆ. ಯಾರ್ಯಾರು ಬರ್ತೀರಿ?