ಫೈಲಿನಲ್ಲಿ ಸ್ವರವಿದೆ, ನಾದವಿಲ್ಲ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಂತಹ ಪಶ್ಚಿಮ ಬೆಂಗಳೂರಿನ ಬಡಾವಣೆಗಳಲ್ಲಿ ಸಂಗೀತ ಪಾಠ ನಡೆಯುವ ಮನೆಗಳಿಗೆ ಕೊರತೆಯಿಲ್ಲ. ಸರಳೆ ವರಸೆ ಹೇಳುವ ಮಕ್ಕಳಿಗೆ ಶ್ರುತಿ ಕೊಡಲು ಅಲ್ಲಿ ಹೆಚ್ಚಾಗಿ ವಿದ್ಯುನ್ಮಾನ ತಂಬೂರಿ ಇರುತ್ತದೆ. ಈ ಉಪಕರಣ ಹುಟ್ಟಿದ್ದು ನಮ್ಮ ಊರಿನಲ್ಲಿಯೇ. ಇಂಜಿನಿಯರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ ಅವರು ಇದನ್ನು ರೂಪಿಸಿ, 1979ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿಯ ಸಮ್ಮೇಳನದಲ್ಲಿ ಪ್ರದರ್ಶಿಸಿದರು. ನಮಗೆ ಬೇಕಾದ ನಾದವನ್ನು ನಾವೇ ಯಂತ್ರದಲ್ಲಿ ಮೂಡಿಸಬಹುದು ಎಂಬುದಕ್ಕೆ ಅದೊಂದು ಒಳ್ಳೆಯ ನಿದರ್ಶನ. ಕಂಪ್ಯೂಟರ್ ಸಂಗೀತದ ಚರಿತ್ರೆಯನ್ನು ನೋಡುವಾಗ ಇದನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಇದಾದ ನಾಲ್ಕು ವರ್ಷಗಳಿಗೆ, ಅಂದರೆ 1983ರಲ್ಲಿ, ಅಮೆರಿಕದ ಡೇವ್ ಸ್ಮಿತ್ ಮತ್ತು ಜಪಾನಿನ ಇಕುತಾರೊ ಕಾಕೆಹಾಶಿ ಅವರ ಪ್ರಯತ್ನದಿಂದ ‘ಮಿಡಿ’ ಎಂಬ ಒಪ್ಪಂದ ಬಳಕೆಗೆ ಬಂದಿತು. ಬೇರೆ ಬೇರೆ ಕಂಪನಿಗಳ ಕೀಬೋರ್ಡುಗಳು ಒಂದೇ ತಂತಿಯ ಮೂಲಕ ಪರಸ್ಪರ ಮಾತನಾಡಲಿ ಎಂಬುದು ಇದರ ಉದ್ದೇಶ. ಆ ತಂತಿಯಲ್ಲಿ ಸೆಕೆಂಡಿಗೆ 31,250 ಬಿಟ್‌ಗಳ ವೇಗದಲ್ಲಿ ಸಾಗುವುದು ನಾದವಲ್ಲ, ಆಜ್ಞೆಗಳು. ಯಾವ ಸ್ವರ, ಎಷ್ಟು ಬಲವಾಗಿ ಒತ್ತಬೇಕು, ಯಾವಾಗ ಬಿಡಬೇಕು, ಇಷ್ಟೇ. 1988ರ ಹೊತ್ತಿಗೆ ಈ ಆಜ್ಞೆಗಳನ್ನು ಫೈಲಿನಲ್ಲಿ ಬರೆದಿಡುವ ಕ್ರಮವೂ ನಿಗದಿಯಾಯಿತು.

ಒಂದು ಉದಾಹರಣೆ ನೋಡೋಣ. ಮಿಡಿಯಲ್ಲಿ ಸ್ವರಗಳಿಗೆ 0ಯಿಂದ 127ರವರೆಗೆ ಸಂಖ್ಯೆಗಳಿವೆ. ಷಡ್ಜವನ್ನು 60 ಎಂದು ಇಟ್ಟುಕೊಂಡರೆ, ಮಾಯಾಮಾಳವಗೌಳದ ಆರೋಹಣ 60, 61, 64, 65, 67, 68, 71, 72 ಎಂದಾಗುತ್ತದೆ. ಮೊದಲ ಸರಳೆಯ ಹದಿನಾರು ಸ್ವರಗಳನ್ನು ಒಂದು ಸಲ ನುಡಿಸುವ ಫೈಲು ಇನ್ನೂರು ಬೈಟ್‌ಗಳೊಳಗೆ ಮುಗಿಯುತ್ತದೆ. ಅದೇ ಪಾಠವನ್ನು ಸಿ.ಡಿ.ಯಲ್ಲಿ ಧ್ವನಿಮುದ್ರಿಸಿದರೆ ಒಂದೊಂದು ಸೆಕೆಂಡಿಗೂ 1,76,400 ಬೈಟ್‌ಗಳು ಬೇಕು. ಮಿಡಿ ಫೈಲು ಸ್ವರಲಿಪಿಯ ಪುಸ್ತಕವಿದ್ದಂತೆ. ಪುಸ್ತಕ ತಾನಾಗಿ ಹಾಡುವುದಿಲ್ಲ, ಹಾಡುವವರು ಬೇಕು.

ಈ ವ್ಯತ್ಯಾಸ ಬಹುಕಾಲ ಜನರ ಗಮನಕ್ಕೆ ಬರಲಿಲ್ಲ. ಕಂಪ್ಯೂಟರಿನ ಸೌಂಡ್ ಕಾರ್ಡಿನಲ್ಲಿದ್ದ ಚಿಪ್ಪು ಈ ಆಜ್ಞೆಗಳನ್ನು ನಾದವಾಗಿ ಮಾರ್ಪಡಿಸುತ್ತಿತ್ತು. 1990ರ ದಶಕದ ಕೊನೆಯ ವಿಂಡೋಸ್ ಆವೃತ್ತಿಗಳಲ್ಲಿ, ರೋಲ್ಯಾಂಡ್ ಕಂಪನಿಯಿಂದ ಪರವಾನಗಿ ಪಡೆದ ವಾದ್ಯನಾದಗಳ ಭಂಡಾರವೇ ಒಳಗೆ ಸೇರಿತ್ತು. ಫೈಲನ್ನು ಒತ್ತಿದರೆ ಹಾಡು ಬರುತ್ತಿತ್ತು. ಹಾಡು ಫೈಲಿನಲ್ಲಿಯೇ ಇದೆ ಎಂದು ನಂಬುವುದು ಸಹಜವಾಗಿತ್ತು.

ಆ ನಂಬಿಕೆಯನ್ನು ಕೆಡಿಸಿದ್ದು ಲಿನಕ್ಸ್. ಫಿನ್‌ಲ್ಯಾಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ, ಯಾರು ಬೇಕಾದರೂ ಓದಿ ತಿದ್ದಬಹುದಾದ ಈ ಮುಕ್ತ ತಂತ್ರಾಂಶ ನಮ್ಮ ದೇಶದ ಅನೇಕರ ಕೈಸೇರಿದ್ದು 1996ರಿಂದ ‘ಪಿಸಿ ಕ್ವೆಸ್ಟ್’ ಪತ್ರಿಕೆ ಹಂಚಿದ ಸಿ.ಡಿ.ಗಳ ಮೂಲಕ. ಆ ಕೆಲಸದ ಹಿಂದೆ ಬೆಂಗಳೂರಿನ ಅತುಲ್ ಚಿಟ್ನಿಸ್ ಇದ್ದರು. 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನವೂ ಇಲ್ಲಿ ಆರಂಭವಾಯಿತು. ಲಿನಕ್ಸ್ ಹಾಕಿಕೊಂಡ ಕಂಪ್ಯೂಟರುಗಳಲ್ಲಿ ಧ್ವನಿಮುದ್ರಿತ ಹಾಡುಗಳು ಕೇಳಿಸಿದರೂ ಮಿಡಿ ಫೈಲು ಮೌನವಾಗಿರುವುದು ಸಾಮಾನ್ಯ ಅನುಭವವಾಗಿತ್ತು.

ಕಾರಣ ಸರಳ. ಅಲ್ಲಿ ಸ್ವರಲಿಪಿ ಇತ್ತು, ವಾದ್ಯಗಾರನಿರಲಿಲ್ಲ. ಕಾರ್ಡಿನಲ್ಲಿ ನಾದ ಉತ್ಪಾದಿಸುವ ಚಿಪ್ಪು ಇಲ್ಲದಿದ್ದರೆ ಆ ಕೆಲಸವನ್ನು ತಂತ್ರಾಂಶವೇ ಮಾಡಬೇಕು. 1995ರಲ್ಲಿ ಫಿನ್‌ಲ್ಯಾಂಡಿನ ಟೂಕ್ಕಾ ಟೊಯ್ವೊನೆನ್ ‘ಟಿಮಿಡಿಟಿ’ ಎಂಬ ತಂತ್ರಾಂಶ ಬರೆದರು. ಜಪಾನಿನ ಮಸನಾವೊ ಇಜುಮೊ ಅದನ್ನು ಮುಂದುವರಿಸಿದರು. ಮುಂದೆ ‘ಫ್ಲೂಯಿಡ್‌ಸಿಂತ್’ ಬಂದಿತು. ಸೌಂಡ್ ಕಾರ್ಡನ್ನು ನಡೆಸುವ ‘ಆಲ್ಸಾ’ ವ್ಯವಸ್ಥೆ 2003ರ ಕೊನೆಯಲ್ಲಿ ಬಂದ ಲಿನಕ್ಸ್ 2.6ರ ಭಾಗವಾಯಿತು.

ಆದರೂ ಒಂದು ಕೊರತೆ ಉಳಿದೇ ಇತ್ತು. ಈ ತಂತ್ರಾಂಶಗಳಿಗೆ ಪಿಯಾನೊ, ಪಿಟೀಲು, ಕೊಳಲುಗಳ ಒಂದೊಂದು ಸ್ವರದ ಮಾದರಿ ಬೇಕು. ಅಂತಹ ಸಂಗ್ರಹವನ್ನು ‘ಸೌಂಡ್‌ಫಾಂಟ್’ ಎನ್ನುತ್ತಾರೆ. ಮೊದಮೊದಲು ಬಳಕೆಯಲ್ಲಿದ್ದ ಮಾದರಿಗಳು ಗ್ರಾವಿಸ್ ಕಾರ್ಡಿನ ಜೊತೆ ಬಂದವು. ಅವನ್ನು ಎಲ್ಲರಿಗೂ ಹಂಚುವ ಹಕ್ಕು ಸ್ಪಷ್ಟವಿರಲಿಲ್ಲ. ತಂತ್ರಾಂಶ ಮುಕ್ತವಾದರೆ ಸಾಲದು, ನಾದವೂ ಮುಕ್ತವಾಗಬೇಕೆಂದು ‘ಫ್ರೀಪ್ಯಾಟ್ಸ್’ನಂತಹ ಯೋಜನೆಗಳು ಹುಟ್ಟಿದವು. ಈಗ ಫ್ಲೂಯಿಡ್‌ಸಿಂತ್ ಜೊತೆಗೆ ಒಂದು ಸೌಂಡ್‌ಫಾಂಟನ್ನು ಸ್ಥಾಪಿಸಿಕೊಂಡರೆ ಲಿನಕ್ಸ್‌ನಲ್ಲಿ ಮಿಡಿ ನುಡಿಯುತ್ತದೆ.

ನುಡಿಯುವುದು ಯಾವ ವಾದ್ಯ ಎಂಬುದು ನಮಗೆ ಮುಖ್ಯವಾದ ಪ್ರಶ್ನೆ. 1991ರ ‘ಜನರಲ್ ಮಿಡಿ’ ಪಟ್ಟಿಯಲ್ಲಿ 128 ವಾದ್ಯನಾದಗಳಿವೆ. 105ನೆಯದು ಸಿತಾರ್, 112ನೆಯದು ಶಹನಾಯಿ. ವೀಣೆ ಇಲ್ಲ. ತಾಳವಾದ್ಯಗಳ ಪಟ್ಟಿಯಲ್ಲಿ ಬೊಂಗೊ, ಕೊಂಗಾ ಇವೆ; ಮೃದಂಗ, ತಬಲಾ ಇಲ್ಲ. ಮೈಸೂರು ವೀಣಾ ಪರಂಪರೆಯ ನಾಡಿನ ಮಗು ಕಂಪ್ಯೂಟರಿನಲ್ಲಿ ಸರಳೆ ಬರೆದರೆ ಅದನ್ನು ಪಿಯಾನೊದಲ್ಲೋ ಸಿತಾರಿನಲ್ಲೋ ಕೇಳಬೇಕು. ಗಮಕದ ಸಮಸ್ಯೆ ಇನ್ನೂ ಸೂಕ್ಷ್ಮ. ಸ್ವರವನ್ನು ಜಾರಿಸಲು ಮಿಡಿಯಲ್ಲಿ 16,384 ಹಂತಗಳ ಆಜ್ಞೆಯಿದೆ. ಆದರೆ ಅದು ಆ ಚಾನೆಲ್ಲಿನ ಎಲ್ಲ ಸ್ವರಗಳನ್ನೂ ಒಟ್ಟಿಗೆ ಜಾರಿಸುತ್ತದೆ. ವೀಣೆಯಲ್ಲಿ ಒಂದು ತಂತಿಯನ್ನು ಎಳೆದು ಗಮಕ ನುಡಿಸುವಾಗ ತಾಳದ ತಂತಿಗಳು ತಮ್ಮ ಶ್ರುತಿಯಲ್ಲೇ ನಿಲ್ಲಬೇಕಲ್ಲವೆ? ಇದನ್ನು ಸಾಧಿಸಲು ಬೇರೆ ಬೇರೆ ಚಾನೆಲ್ಲುಗಳನ್ನು ಹೂಡಬೇಕಾಗುತ್ತಿತ್ತು. 2020ರಲ್ಲಿ ಬಂದ ಮಿಡಿ 2.0 ಪ್ರತಿ ಸ್ವರವನ್ನೂ ಬೇರೆಯಾಗಿ ಬಾಗಿಸಲು ಅವಕಾಶ ಕೊಟ್ಟಿತು. 2023ರ ಲಿನಕ್ಸ್ 6.5ರಲ್ಲಿ ಅದಕ್ಕೆ ಬೆಂಬಲ ಸೇರಿತು.

ಹೀಗೆ ದಾರಿ ತೆರೆದಿದೆ. ಪಟ್ಟಿಯಲ್ಲಿ ಇಲ್ಲದ ವಾದ್ಯವನ್ನು ಸೇರಿಸಲು ಲಿನಕ್ಸ್‌ನಲ್ಲಿ ಯಾವ ಕಂಪನಿಯ ಅಪ್ಪಣೆಯೂ ಬೇಕಿಲ್ಲ. ಒಬ್ಬ ವೈಣಿಕರು, ಒಂದು ಒಳ್ಳೆಯ ಮೈಕು, ಸದ್ದಿಲ್ಲದ ಕೋಣೆ, ಪ್ರತಿ ಮೆಟ್ಟಿನ ನಾದವನ್ನು ಮೆಲುವಾಗಿಯೂ ಬಲವಾಗಿಯೂ ಮೀಟಿ ಧ್ವನಿಮುದ್ರಿಸುವ ತಾಳ್ಮೆ, ಅದನ್ನು ಸೌಂಡ್‌ಫಾಂಟ್ ಆಗಿ ಜೋಡಿಸಿ ಎಲ್ಲರಿಗೂ ಬಿಟ್ಟುಕೊಡುವ ಮನಸ್ಸು, ಇಷ್ಟಿದ್ದರೆ ಸಾಕು. ಸಂಗೀತ ಬಲ್ಲವರೂ ಕಂಪ್ಯೂಟರ್ ಬಲ್ಲವರೂ ಒಂದೇ ಬೀದಿಯಲ್ಲಿ ವಾಸಿಸುವ ನಮ್ಮ ಬಡಾವಣೆಗಳಲ್ಲಿ ಇದು ಅಸಾಧ್ಯವಾದ ಕೆಲಸವೇನಲ್ಲ. ವೀಣೆ ಕಲಿಸುವವರು ಮತ್ತು ಇಂಜಿನಿಯರಿಂಗ್ ಓದುತ್ತಿರುವ ಅವರ ಶಿಷ್ಯರು ಒಂದು ಬೇಸಿಗೆ ರಜೆಯಲ್ಲಿ ಇದನ್ನು ಕೈಗೆತ್ತಿಕೊಳ್ಳಬಹುದು.