ಮತದ ಹಕ್ಕೂ ಮೈಬಣ್ಣವೂ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಅಂತರ್ಯುದ್ಧವು ಮುಗಿದು ಐದು ವರ್ಷಗಳಾದ ಮೇಲೆ, ೧೮೭೦ರಲ್ಲಿ, ರಾಜ್ಯಾಂಗದ ಹದಿನೈದನೆಯ ತಿದ್ದುಪಡಿಯು ಜಾರಿಗೆ ಬಂದಿತು. ಕುಲ, ವರ್ಣ, ಪೂರ್ವದ ದಾಸ್ಯ ಇವುಗಳ ನಿಮಿತ್ತವಾಗಿ ಪ್ರಜೆಯ ಮತದ ಹಕ್ಕನ್ನು ಯಾವ ಸರ್ಕಾರವೂ ನಿರಾಕರಿಸತಕ್ಕದ್ದಲ್ಲವೆಂಬುದು ಅದರ ತಾತ್ಪರ್ಯ. (ಸ್ತ್ರೀಯರು ಇಂತಹುದೊಂದು ವಾಕ್ಯಕ್ಕಾಗಿ ೧೯೨೦ರವರೆಗೆ ಕಾಯಬೇಕಾಯಿತು, ಅದು ಬೇರೆಯೇ ಕಥೆ.) ಅದೇ ವರ್ಷ ಮಿಸಿಸಿಪ್ಪಿಯಿಂದ ಹೈರಮ್ ರೆವೆಲ್ಸ್ ಎಂಬ ಕಪ್ಪುವರ್ಣೀಯರು ಸೆನೆಟ್ ಸಭೆಯಲ್ಲಿ ಆಸನವನ್ನು ಪಡೆದರು.

ಇಷ್ಟು ಸ್ಪಷ್ಟವಾದ ವಾಕ್ಯವು ಮುಂದೆ ನಿಷ್ಫಲವಾದುದು ಹೇಗೆಂಬುದೇ ವಿಚಾರಣೀಯವಾದ ವಿಷಯ. ದಕ್ಷಿಣದ ಸಂಸ್ಥಾನಗಳು ಮೊದಲು ಹಿಂಸೆಯನ್ನೂ ಬೆದರಿಕೆಯನ್ನೂ ಆಶ್ರಯಿಸಿದವು. ತರುವಾಯ ಶಾಸನವನ್ನೇ ಆಯುಧವನ್ನಾಗಿ ಮಾಡಿಕೊಂಡವು. ೧೮೯೦ರ ಮಿಸಿಸಿಪ್ಪಿ ರಾಜ್ಯಾಂಗದಂತೆ ಮತದಾರನು ವರ್ಷಕ್ಕೆ ೨ ಡಾಲರ್ ತಲೆಗಂದಾಯವನ್ನು ತೆರಬೇಕು. ರಾಜ್ಯಾಂಗದ ಯಾವುದಾದರೊಂದು ಭಾಗವನ್ನು ಓದಬೇಕು, ಇಲ್ಲವೆ ಓದಿಸಿ ಕೇಳಿ ಅದರ ಅರ್ಥವನ್ನು ಹೇಳಬೇಕು. ಅರ್ಥವು ಸರಿಯೆಂದು ತೀರ್ಮಾನಿಸುವವನು ಬಿಳಿಯ ಅಧಿಕಾರಿ. ಈ ನಿಯಮಗಳಲ್ಲಿ ವರ್ಣವೆಂಬ ಶಬ್ದವೇ ಇಲ್ಲ! ಅಕ್ಷರದಲ್ಲಿ ಭೇದವು ಕಾಣದ ಕಾರಣ ಇವು ನಿರ್ದೋಷವೆಂದು ಸರ್ವೋಚ್ಚ ನ್ಯಾಯಸ್ಥಾನವು ೧೮೯೮ರಲ್ಲಿ ತೀರ್ಪಿತ್ತಿತು. ಅದೇ ವರ್ಷ ಲೂಯಿಸಿಯಾನವು ಅಕ್ಷರ ಮತ್ತು ಆಸ್ತಿಯ ಪರೀಕ್ಷೆಗಳನ್ನು ವಿಧಿಸಿ, ೧೮೬೭ರ ಜನವರಿ ೧ರಂದು ಅಥವಾ ಅದಕ್ಕೂ ಮುಂಚೆ ಮತದ ಹಕ್ಕಿದ್ದವರಿಗೂ ಅವರ ಮಕ್ಕಳು ಮೊಮ್ಮಕ್ಕಳಿಗೂ ವಿನಾಯಿತಿಯನ್ನು ಕೊಟ್ಟಿತು. ಕಪ್ಪುವರ್ಣೀಯರ ತಾತಂದಿರಿಗೆ ಆಗ ಹಕ್ಕೆಲ್ಲಿಯದು? ಅಲ್ಲಿ ೧೮೯೬ರಲ್ಲಿ ೧,೩೦,೩೩೪ ಮಂದಿಯಿದ್ದ ಕಪ್ಪುವರ್ಣದ ಮತದಾರರು ೧೯೦೪ರ ವೇಳೆಗೆ ೧,೩೪೨ ಮಂದಿಗೆ ಇಳಿದರು. ಶಬ್ದವನ್ನು ಹಿಡಿದು ಅಭಿಪ್ರಾಯವನ್ನು ಕೆಡಿಸುವುದನ್ನು ನಮ್ಮ ನೈಯಾಯಿಕರು ಛಲವೆಂದು ಕರೆದು ವಾದದೋಷಗಳಲ್ಲಿ ಎಣಿಸಿದ್ದಾರೆ. ಇಲ್ಲಿ ಅದೇ ಛಲಕ್ಕೆ ರಾಜಮುದ್ರೆಯು ಬಿದ್ದಿತು.

ಒಕ್ಲಹೋಮದ ಇಂತಹುದೇ ತಾತನ ನಿಯಮವನ್ನು ನ್ಯಾಯಸ್ಥಾನವು ೧೯೧೫ರಲ್ಲಿ ರದ್ದುಮಾಡಿತು. ಮರುವರ್ಷವೇ ಆ ಸಂಸ್ಥಾನವು ಹೊಸ ಶಾಸನವನ್ನು ಹೊರಡಿಸಿತು: ೧೯೧೪ರಲ್ಲಿ ಮತವಿತ್ತವರ ಹಕ್ಕು ತಾನಾಗಿಯೇ ಉಳಿಯುವುದು, ಉಳಿದವರು ಸಾಮಾನ್ಯವಾಗಿ ೧೨ ದಿನಗಳೊಳಗೆ ಹೆಸರನ್ನು ಬರೆಯಿಸದಿದ್ದರೆ ಆಜೀವವೂ ಹಕ್ಕಿಲ್ಲ. ಇದು ಬಿದ್ದುಹೋದುದು ೧೯೩೯ರಲ್ಲಿ. ೧೯೫೭ರಲ್ಲಿ ಅಲಬಾಮದವರು ಚೌಕವಾಗಿದ್ದ ಟಸ್ಕೀಗಿ ಪಟ್ಟಣದ ಎಲ್ಲೆಯನ್ನು ೨೮ ಮೂಲೆಗಳ ವಿಕಾರಾಕೃತಿಯನ್ನಾಗಿ ತಿದ್ದಿ, ಸುಮಾರು ೪೦೦ ಕಪ್ಪುವರ್ಣದ ಮತದಾರರಲ್ಲಿ ನಾಲ್ಕೈದು ಮಂದಿಯ ಹೊರತು ಎಲ್ಲರನ್ನೂ ಊರ ಹೊರಗಿಟ್ಟರು. ಬಿಳಿಯನೊಬ್ಬನೂ ಹೊರಗೆ ಬೀಳಲಿಲ್ಲ. ನ್ಯಾಯಸ್ಥಾನವು ೧೯೬೦ರಲ್ಲಿ ಇದನ್ನೂ ಖಂಡಿಸಿತು. ಒಂದು ಉಪಾಯವನ್ನು ಮುರಿಯಲು ವರ್ಷಾನುಗಟ್ಟಲೆ ವ್ಯಾಜ್ಯ. ಮತ್ತೊಂದನ್ನು ಹೆಣೆಯಲು ಒಂದು ಅಧಿವೇಶನವೇ ಸಾಕಾಗಿತ್ತು.

೧೯೬೫ರ ಮಾರ್ಚ್ ೭ರಂದು ಅಲಬಾಮದ ಸೆಲ್ಮಾ ಊರಿನ ಸೇತುವೆಯ ಬಳಿ ಮತದ ಹಕ್ಕನ್ನು ಬೇಡಿ ನಡೆದವರನ್ನು ಪೋಲೀಸರು ದೊಣ್ಣೆಗಳಿಂದ ಬಡಿದರು. ಆ ದೃಶ್ಯವನ್ನು ದೇಶವೇ ದೂರದರ್ಶನದಲ್ಲಿ ಕಂಡಿತು. ಆಗಸ್ಟ್ ೬ರಂದು ಮತಾಧಿಕಾರ ಶಾಸನಕ್ಕೆ ಅಧ್ಯಕ್ಷ ಜಾನ್ಸನ್ನರ ಅಂಕಿತವಾಯಿತು. ಅದರ ಜೀವಾಳವು ಐದನೆಯ ವಿಧಿ. ಭೇದದ ಚರಿತ್ರೆಯುಳ್ಳ ಪ್ರದೇಶಗಳು ಚುನಾವಣೆಯ ನಿಯಮವನ್ನು ಬದಲಿಸುವ ಮುಂಚೆ ಕೇಂದ್ರದ ಸಮ್ಮತಿಯನ್ನು ಪಡೆಯಬೇಕು. ಅನ್ಯಾಯವನ್ನು ಸ್ಥಾಪಿಸುವ ಭಾರವು ಬಡ ಮತದಾರನ ಹೆಗಲಿನಿಂದಿಳಿದು, ತಾನು ನಿರ್ದೋಷಿಯೆಂದು ತೋರಿಸುವ ಭಾರವು ಸರ್ಕಾರದ ತಲೆಯ ಮೇಲೆ ಬಂದಿತು. ಮಿಸಿಸಿಪ್ಪಿಯಲ್ಲಿ ಶೇಕಡ ೭ಕ್ಕೂ ಕಡಮೆಯಿದ್ದ ಕಪ್ಪುವರ್ಣೀಯರ ನೋಂದಣಿಯು ೧೯೬೭ರ ವೇಳೆಗೆ ಶೇಕಡ ೫೯ನ್ನು ಮೀರಿತು.

೨೦೧೩ರ ಜೂನ್ ೨೫ರಂದು ಸರ್ವೋಚ್ಚ ನ್ಯಾಯಸ್ಥಾನವು, ಆ ಪ್ರದೇಶಗಳನ್ನು ಗೊತ್ತುಮಾಡುವ ಸೂತ್ರವು ಹಳತಾಯಿತೆಂದು ಅದನ್ನು ತೊಡೆದುಹಾಕಿತು. ಐದನೆಯ ವಿಧಿಯು ಪುಸ್ತಕದಲ್ಲಿ ಉಳಿಯಿತು. ಅದು ಅನ್ವಯಿಸುವ ಸ್ಥಳಗಳು ಇಲ್ಲವಾದವು. ಹಿಂದಿನ ವರ್ಷ ತಡೆಯಲ್ಪಟ್ಟಿದ್ದ ಮತದಾರರ ಗುರುತುಪತ್ರದ ಶಾಸನವನ್ನು ಜಾರಿಗೆ ತರುವುದಾಗಿ ಟೆಕ್ಸಸ್ ಸಂಸ್ಥಾನವು ಅದೇ ದಿನ ಪ್ರಕಟಿಸಿತು.